ಕಂತಿನಲ್ಲಿ ಬಂದ ಕಿರಣ

1888ರ ಮಾರ್ಚ್ 9ರಂದು ಜರ್ಮನಿಯ ಚಕ್ರವರ್ತಿಯಾದ ಮೂರನೆಯ ಫ್ರೆಡರಿಕ್‌ಗೆ ಅಪ್ಪಣೆ ಕೊಡಲು ದನಿಯೇ ಇರಲಿಲ್ಲ. ಉಸಿರು ಕಟ್ಟದಿರಲೆಂದು ಒಂದು ತಿಂಗಳ ಮೊದಲೇ ವೈದ್ಯರು ಅವನ ಕೊರಳನ್ನು ಕೊಯ್ದು ಶ್ವಾಸನಾಳಕ್ಕೆ ಕೊಳವೆಯಿಟ್ಟಿದ್ದರು. ಚೀಟಿಗಳಲ್ಲಿ ಬರೆದು ತೋರಿಸುತ್ತಲೇ ಆತ 99 ದಿನ ಆಳಿದ. ಜೂನ್ 15ರಂದು ತೀರಿಕೊಂಡ.

ಅವನ ದನಿ ಒಡೆದದ್ದು 1887ರ ಜನವರಿಯಲ್ಲಿ. ಎಡ ಧ್ವನಿತಂತುವಿನ ಮೇಲೆ ಒಂದು ಸಣ್ಣ ಗಂಟು ಕಂಡಿತು. ಅದನ್ನು ಕಾಣಲು ನೆರವಾದ ಉಪಾಯವನ್ನು ಬಳಕೆಗೆ ತಂದವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು ಎಂಬುದು ನನಗೆ ಸಂತೋಷದ ವಿಷಯ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ಸೂರ್ಯನ ಬೆಳಕನ್ನು ಹಾಯಿಸಿ, ಹಾಡುವ ತನ್ನ ತಂತುಗಳನ್ನೇ ನೋಡಿಕೊಂಡಿದ್ದ. ರೋಗ ಕಣ್ಣಿಗೆ ಬಿದ್ದಿತು, ನಿಜ. ಬಿದ್ದ ಮೇಲೆ ಮಾಡುವುದೇನು? ಬರ್ಲಿನ್ನಿನ ಬೆರ್ಗ್‌ಮನ್ ಮೊದಲಾದವರು ಕೊರಳನ್ನು ಹೊರಗಿನಿಂದ ತೆರೆಯಬೇಕೆಂದರು. ಲಂಡನ್ನಿನಿಂದ ಬಂದ ಮೊರೆಲ್ ಮೆಕೆಂಜಿ ಬಾಯಿಯ ಮೂಲಕವೇ ಗಂಟಿನ ಚೂರನ್ನು ಕಿತ್ತು ಫಿರ್ಚೊಗೆ ಕಳುಹಿಸಿದ. ಆ ಮಹಾಪಂಡಿತನಿಗೆ ಅದರಲ್ಲಿ ಅರ್ಬುದ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು. ನವೆಂಬರಿನ ಹೊತ್ತಿಗೆ ರೋಗ ತಾನೇ ತನ್ನ ಹೆಸರು ಹೇಳಿತು. ವೈದ್ಯರ ಜಗಳ ಮುಂದೆ ಪುಸ್ತಕಗಳಾಗಿಯೂ ಹೊರಬಂತು.

ಫ್ರೆಡರಿಕ್ ಬದುಕಿದ್ದರೆ ಯೂರೋಪಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎನ್ನುವವರಿದ್ದಾರೆ. ಒಂದು ಕಂಠದ ಮೇಲೆ ಅಷ್ಟು ಭಾರ ಹೊರಿಸಲು ನನಗೆ ಮನಸ್ಸಿಲ್ಲ. ನನ್ನನ್ನು ಕಾಡುವುದು ಆ ರೋಗಿಯ ಮುಂದಿದ್ದ ಕೊನೆಯ ಆಯ್ಕೆ: ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳುವುದು. 1873ರ ಕೊನೆಯ ದಿನ ವಿಯೆನ್ನಾದಲ್ಲಿ ಬಿಲ್‌ರೋತ್ ಅರ್ಬುದಕ್ಕಾಗಿ ಹಾಗೆ ಮಾಡಿ ತೋರಿಸಿದ್ದ. ಪ್ರಾಣ ಉಳಿದೀತು, ಮಾತು ಹೋದೀತು. ಯುವರಾಜ ಒಪ್ಪಲಿಲ್ಲ.

ಅವನು ಸತ್ತ ಏಳು ವರ್ಷಕ್ಕೆ, 1895ರಲ್ಲಿ, ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ. 1898ರಲ್ಲಿ ಕ್ಯೂರಿ ದಂಪತಿಗಳಿಗೆ ರೇಡಿಯಂ ದೊರಕಿತು. ಅರ್ಬುದವನ್ನು ಕತ್ತಿಯಿಲ್ಲದೆ ಕೊಲ್ಲಬಹುದೆಂಬ ಉತ್ಸಾಹ ಬಹುಬೇಗ ಹಬ್ಬಿತು. ಆದರೆ ದೊಡ್ಡ ಪ್ರಮಾಣವನ್ನು ಒಮ್ಮೆಗೇ ಸುರಿದಾಗ ಗಂಟಿನೊಡನೆ ಚರ್ಮವೂ ಬೆಂದಿತು.

ಬಿಡಿಸಬೇಕಾದ ಕಗ್ಗಂಟು ಇದೇ. ಪ್ಯಾರಿಸಿನ ರೇಡಿಯಂ ಸಂಸ್ಥೆಯ ಕ್ಲಾಡಿಯಸ್ ರೆಗೊ ಅದನ್ನು ಬಿಡಿಸಿದ್ದು ಟಗರಿನಿಂದ. ಟಗರಿನ ವೃಷಣವನ್ನು ಒಂದೇ ಬಾರಿಯ ಕಿರಣದಿಂದ ಬಂಜೆಯಾಗಿಸಹೋದರೆ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ದಿನದಿನವೂ ಸ್ವಲ್ಪಸ್ವಲ್ಪ ಕೊಟ್ಟರೆ ಬೀಜ ಸಾಯುತ್ತಿತ್ತು, ಚರ್ಮ ಉಳಿಯುತ್ತಿತ್ತು. ಸದಾ ಒಡೆಯುತ್ತಿರುವ ಜೀವಕೋಶಗಳಿಗೂ ಚರ್ಮಕ್ಕೂ ಚೇತರಿಸಿಕೊಳ್ಳುವ ಶಕ್ತಿ ಒಂದೇ ಅಲ್ಲ. ಅರ್ಬುದವೂ ಒಡೆಯುತ್ತಲೇ ಬೆಳೆಯುವಂಥದಲ್ಲವೆ? ಅವನ ಸಹೋದ್ಯೋಗಿ ಆನ್ರಿ ಕುತಾರ್ ಇದನ್ನು ಮನುಷ್ಯನ ಕೊರಳಿಗೆ ತಂದ. ವಾರಗಟ್ಟಲೆ ಹಂಚಿದ ಕಂತುಗಳು. ಸುಮಾರು ಎರಡು ವಾರಕ್ಕೆ ಗಂಟಲ ಒಳಪೊರೆ ಕೆಂಪೇರುವುದನ್ನೂ, ನಾಲ್ಕು ವಾರಕ್ಕೆ ಹೊರಚರ್ಮ ಸುಲಿಯುವುದನ್ನೂ ಆತ ಪಂಚಾಂಗದಂತೆ ಗುರುತು ಹಾಕಿದ. 1922ರಲ್ಲಿ ಪ್ಯಾರಿಸಿನ ಸಮ್ಮೇಳನದಲ್ಲಿ, ಧ್ವನಿಪೆಟ್ಟಿಗೆಯ ಅರ್ಬುದ ಹೀಗೆ ವಾಸಿಯಾದ ರೋಗಿಗಳ ವರದಿ ವೈದ್ಯಲೋಕದ ಮುಂದೆ ಬಂತು.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂತು, ಆಮೇಲೆ ಇನ್ನೂ ಬಲವಾದ ಯಂತ್ರಗಳು. ಯಂತ್ರ ಬದಲಾಯಿತು, ಕಂತು ಉಳಿಯಿತು. ಧ್ವನಿತಂತುವಿನ ರೋಗಕ್ಕೆ ಒಂದು ಸೌಜನ್ಯವೂ ಇದೆಯೆನ್ನಬೇಕು: ಬೇಗನೆ ದನಿ ಒಡೆದು ತಾನು ಬಂದಿರುವುದನ್ನು ತಿಳಿಸುತ್ತದೆ, ತಂತುಗಳಲ್ಲಿ ದುಗ್ಧರಸದ ನಾಳಗಳು ತೀರ ವಿರಳವಾದ್ದರಿಂದ ಕೊರಳಿನ ಗ್ರಂಥಿಗಳಿಗೆ ಸುಲಭವಾಗಿ ಹರಡುವುದಿಲ್ಲ. ಆ ಮೊದಲ ಹಂತದಲ್ಲಿ ಸಿಕ್ಕರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಿರಣದಿಂದಲೇ ವಾಸಿಯಾಗುತ್ತದೆ. ಇಂದು ಲೇಸರಿನಿಂದ ಬಾಯಿಯೊಳಗಿಂದಲೇ ತೆಗೆಯುವ ದಾರಿಯೂ ಇದೆ.

ಇಷ್ಟನ್ನೆಲ್ಲ ನಾನು ಓದಿದ್ದು ಬರಿಯ ಕುತೂಹಲದಿಂದಲ್ಲ. ಮೂವತ್ತೈದು ವರ್ಷ ಹಳಗನ್ನಡ ಪಾಠ ಹೇಳಿದ ನನ್ನ ದನಿ ಎರಡು ವರ್ಷದ ಹಿಂದೆ ಒಡೆಯಿತು. ಮೂರು ವಾರ ಕಳೆದರೂ ಕೂಡಲಿಲ್ಲ. ಪರೀಕ್ಷಿಸಿದ ವೈದ್ಯರು ಮೊದಲ ಹಂತವೆಂದರು. 28 ಕಂತು, ಒಟ್ಟು 63 ಗ್ರೇ. ವಾರಕ್ಕೆ ಐದು ದಿನ. ಅಳತೆಗೆ ತಕ್ಕ ಮುಖವಾಡ ತೊಡಿಸಿ ಮಲಗಿಸುವರು. ಕೆಲವೇ ನಿಮಿಷ, ನೋವೇನೂ ಇಲ್ಲ. ಮೂರನೆಯ ವಾರದಿಂದ ಗಂಜಿಯೂ ಕೆಂಡದಂತೆ ಇಳಿಯಿತು. ಕುತಾರ್ ಹಾಕಿದ ಗುರುತು ತಪ್ಪಲಿಲ್ಲ. ಮುಗಿದ ಎರಡು ತಿಂಗಳಿಗೆ ದನಿ ಮರಳಿತು. ಗಮಕಕ್ಕೆ ಸಾಲದು, ಮೇಲಿನ ಸ್ಥಾಯಿ ಏರುವುದಿಲ್ಲ. ಆಕಾಶವಾಣಿಯವರು ಈ ಭಾಷಣಕ್ಕೆ ಕೊಟ್ಟ ಹತ್ತು ನಿಮಿಷಕ್ಕೆ ಸಾಕಾಯಿತು.