ಕಲ್ಲು ಹೇಳುವ ಗುರುವಾರ, ಪೈಥಾನ್ ಹೇಳುವ ಬುಧವಾರ

ಶಾಸನದ ಪಾಠ ಓದಿ ಮುಗಿದ ಮೇಲೆ ಯಾರೇ ಆದರೂ ಮೊದಲು ಕೇಳುವುದು ಒಂದೇ: ಇದು ಯಾವ ಇಸವಿ, ಯಾವ ದಿನ? ಹಿಂದಿನ ವಿದ್ವಾಂಸರು ಇದಕ್ಕಾಗಿ ರಾಬರ್ಟ್ ಸ್ಯೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ 'ಇಂಡಿಯನ್ ಕ್ಯಾಲೆಂಡರ್' ಅಥವಾ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ 'ಇಂಡಿಯನ್ ಎಫಿಮೆರಿಸ್' ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಈಗ ನನ್ನಂಥವರು ಹತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದು ಕ್ಷಣದಲ್ಲಿ ಉತ್ತರ ಪಡೆಯುತ್ತೇವೆ. ಕೆಲಸ ಹಗುರ ಆಗಿದೆ, ನಿಜ. ಆದರೆ ಆ ಉತ್ತರ ಯಾವ ಪಂಚಾಂಗದ ಲೆಕ್ಕದಲ್ಲಿ ಬಂತು ಅನ್ನೋದನ್ನು ವಿಚಾರಿಸದೆ ನಂಬಿದರೆ ಇತಿಹಾಸವೇ ಪಕ್ಕಕ್ಕೆ ಸರಿಯುತ್ತದೆ.

ಒಂದು ಪ್ರಸಿದ್ಧ ಉದಾಹರಣೆ ನೋಡೋಣ. ಮಧ್ಯಪ್ರದೇಶದ ಏರಣದಲ್ಲಿ ಬುಧಗುಪ್ತನ ಕಾಲದ ಧ್ವಜಸ್ತಂಭ ಶಾಸನವಿದೆ. ಗುಪ್ತ ವರ್ಷ 165, ಆಷಾಢ ಶುಕ್ಲ ದ್ವಾದಶಿ, ಸುರಗುರುವಿನ ದಿನ, ಅಂದರೆ ಗುರುವಾರ. ಗುಪ್ತ ಶಕೆ ಯಾವಾಗ ಆರಂಭವಾಯಿತು ಎಂಬ ಬಗ್ಗೆ 19ನೇ ಶತಮಾನದಲ್ಲಿ ದೊಡ್ಡ ಜಗಳವೇ ಇತ್ತು. 1888ರಲ್ಲಿ ಫ್ಲೀಟ್ ಗುಪ್ತ ಶಾಸನಗಳ ಸಂಪುಟ ಹೊರತಂದಾಗ ದೀಕ್ಷಿತರು ಅದಕ್ಕೆ ಲೆಕ್ಕ ಮಾಡಿಕೊಟ್ಟರು: ಈ ತಿಥಿ ಕ್ರಿ.ಶ. 484ರ ಜೂನ್ 21, ಮತ್ತು ಅದು ಗುರುವಾರವೇ. ಗುಪ್ತ ಶಕೆಯ ಆರಂಭ 319-20 ಅನ್ನುವ ವಾದಕ್ಕೆ ಈ ಹೊಂದಾಣಿಕೆ ದೊಡ್ಡ ಆಸರೆಯಾಯಿತು.

ಈಗ ಇದೇ ದಿನಾಂಕವನ್ನು ಪೈಥಾನ್‌ನ ಡೇಟ್‌ಟೈಮ್‌ಗೆ ಕೊಟ್ಟು ವಾರ ಯಾವುದು ಅಂತ ಕೇಳಿ. ಉತ್ತರ 2. ಸೋಮವಾರ ಸೊನ್ನೆ ಅಂತ ಎಣಿಸುವುದರಿಂದ 2 ಅಂದರೆ ಬುಧವಾರ! ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾರು? ಕಲ್ಲೋ, ದೀಕ್ಷಿತರೋ, ಯಂತ್ರವೋ?

ಯಾರೂ ಅಲ್ಲ. 1582ರ ಅಕ್ಟೋಬರ್‌ಗೆ ಮುಂಚಿನ ದಿನಾಂಕಗಳನ್ನು ಇತಿಹಾಸಕಾರರು ಜೂಲಿಯನ್ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಪೈಥಾನ್ ಮಾತ್ರ ಇಂದಿನ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಕ್ರಿ.ಶ. 1ರವರೆಗೆ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. 484ರಲ್ಲಿ ಇವೆರಡರ ನಡುವೆ ಒಂದು ದಿನದ ಅಂತರ. ಜೂಲಿಯನ್ ಜೂನ್ 21 ಅಂದರೆ ಗ್ರೆಗೋರಿಯನ್ ಜೂನ್ 22. ಅದನ್ನು ಕೊಟ್ಟು ನೋಡಿ, ಗುರುವಾರ ಸಿಗುತ್ತದೆ.

ಇನ್ನು ನಮ್ಮ ನಾಡಿನ ಶಾಸನಗಳಿಗೆ ಬರೋಣ. ಈ ಅಂತರ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಬಾದಾಮಿ ಮೂರನೇ ಗುಹೆಯ ಮಂಗಳೇಶನ ಶಾಸನದ ಕಾಲಕ್ಕೆ, ಅಂದರೆ 578ರಲ್ಲಿ, ಎರಡು ದಿನ. 1100ರ ಮಾರ್ಚ್‌ನಿಂದ 1300ರ ಫೆಬ್ರವರಿವರೆಗೆ ಏಳು ದಿನ. ವಿಜಯನಗರ ಸ್ಥಾಪನೆಯ ಹೊತ್ತಿಗೆ ಎಂಟು. ಕೃಷ್ಣದೇವರಾಯನ ಕಾಲಕ್ಕೆ ಹತ್ತು.

ಆ ಏಳನ್ನು ಸ್ವಲ್ಪ ಗಮನಿಸಿ. ಏಳು ದಿನ ಅಂದರೆ ಪೂರ್ತಿ ಒಂದು ವಾರ. ಹೊಯ್ಸಳರ, ಸೇವುಣರ, ಕಲ್ಯಾಣ ಚಾಲುಕ್ಯರ ಕೊನೆಗಾಲದ ಶಾಸನಗಳಲ್ಲಿ ಹೆಚ್ಚಿನವು ಈ ಇನ್ನೂರು ವರ್ಷದ ಒಳಗೇ ಬೀಳುತ್ತವೆ. ಇಲ್ಲಿ ಸ್ಕ್ರಿಪ್ಟ್ ತಪ್ಪು ಕ್ಯಾಲೆಂಡರ್ ಹಿಡಿದಿದ್ದರೂ ವಾರ ಮಾತ್ರ ಸರಿಯಾಗಿಯೇ ಬರುತ್ತದೆ! ಹೊಯ್ಸಳ ಶಾಸನಗಳ ಮೇಲೆ ಪರೀಕ್ಷಿಸಿ 'ಸರಿ ಇದೆ' ಅಂದುಕೊಂಡ ಸ್ಕ್ರಿಪ್ಟು ಬಾದಾಮಿಗೋ ಹಂಪಿಗೋ ಹೋದಾಗ ಕೈಕೊಡುವುದು ಇದಕ್ಕೇ.

ವಾರ ಸರಿ ಬಂದರೂ ಚಂದ್ರ ಸರಿ ಬರಲ್ಲ. ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇಮಲಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ವಿದ್ವಾಂಸರು ಕೊಡುವ ದಿನಾಂಕ 1117ರ ಮಾರ್ಚ್ 10. ಜೂಲಿಯನ್ ಎಂದು ಓದಿದರೆ ಶನಿವಾರ, ಗ್ರೆಗೋರಿಯನ್ ಎಂದು ಓದಿದರೂ ಶನಿವಾರ. ಆದರೆ ಎರಡನೆಯ ಓದಿನಲ್ಲಿ ನಾವು ಒಂದು ವಾರ ಹಿಂದೆ, ಅಮಾವಾಸ್ಯೆಗೂ ಮುಂಚೆ ಇರುತ್ತೇವೆ. ಅಂದರೆ ಫಾಲ್ಗುಣ ಬಹುಳದಲ್ಲಿ, ಹಿಂದಿನ ದುರ್ಮುಖಿ ಸಂವತ್ಸರದಲ್ಲಿ! ವಾರ ಒಂದನ್ನೇ ನೋಡಿ ಮುಂದೆ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ.

ಹೀಗಾಗಿ ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಸಂವತ್ಸರ. ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ, ಸೊನ್ನೆ ಬಂದರೆ ಅರುವತ್ತನೆಯದು. 1039ಕ್ಕೆ 12 ಸೇರಿದರೆ 1051, ಶೇಷ 31, ಹೇಮಲಂಬಿ. ಕೂಡಿಬಂತು. ಇದು ದಕ್ಷಿಣದ ಪದ್ಧತಿ, ಸುಮಾರು 10ನೇ ಶತಮಾನದ ಈಚಿನ ಶಾಸನಗಳಿಗೆ ಹೊಂದುತ್ತದೆ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಶಾಸನ ಹೇಳುವುದು ಗತವರ್ಷವೋ ವರ್ತಮಾನ ವರ್ಷವೋ ಅಂತ ನೋಡಬೇಕು. ಐಹೊಳೆಯ ರವಿಕೀರ್ತಿಯ ಶಾಸನದಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಭಾರತ ಯುದ್ಧದಿಂದ 3735, ಶಕ 556 ಎಂದು ಎರಡೂ ಗತವರ್ಷಗಳಿವೆ. ಕಲಿ ಮತ್ತು ಶಕಗಳ ನಡುವಿನ 3179 ಕಳೆದರೆ ತಾಳೆ ಬೀಳುತ್ತದೆ.

ಎರಡನೆಯದು, ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳದೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದು. ನಮ್ಮ ಸಿದ್ಧಾಂತಿಗಳು ಇದನ್ನೇ ಅಹರ್ಗಣ ಅಂದರು. ಯುರೋಪಿನಲ್ಲಿ 1583ರಲ್ಲಿ ಸ್ಕಾಲಿಜರ್ ಹಾಕಿದ ಬುನಾದಿಯ ಮೇಲೆ ಜೂಲಿಯನ್ ದಿನಸಂಖ್ಯೆ ಬಂತು. ಜೂಲಿಯನ್ ಕ್ಯಾಲೆಂಡರಿನ ದಿನಕ್ಕೆ ಲೆಕ್ಕ ಸರಳ: ಕಳೆದ ವರ್ಷಗಳನ್ನು 365ರಿಂದ ಗುಣಿಸಿ, ಅವೇ ವರ್ಷಗಳನ್ನು 4ರಿಂದ ಭಾಗಿಸಿದ ಪೂರ್ಣಾಂಕ ಸೇರಿಸಿ, ಆ ವರ್ಷದ ಎಷ್ಟನೇ ದಿನವೋ ಅದನ್ನು ಕೂಡಿಸಿ, ಕೊನೆಗೆ 1721423 ಸೇರಿಸಿ. ಏರಣದ ದಿನಕ್ಕೆ 1898011 ಬರುತ್ತದೆ. 7ರಿಂದ ಭಾಗಿಸಿದರೆ ಶೇಷ 3, ಗುರುವಾರ. ಇದಕ್ಕೆ ಯಾವ ಲೈಬ್ರರಿಯೂ ಬೇಡ.

ಮೂರನೆಯದು ಹೊತ್ತು. ತಿಥಿ ನೋಡುವುದು ಸೂರ್ಯೋದಯಕ್ಕೆ. ಯಂತ್ರದ ದಿನ ಶುರುವಾಗುವುದು ಮಧ್ಯರಾತ್ರಿಗೆ. ಜತೆಗೆ, ಹಳೆಯ ದಿನಾಂಕಕ್ಕೆ 'ಏಷ್ಯಾ/ಕೋಲ್ಕತಾ' ಸಮಯವಲಯ ಕೊಟ್ಟರೆ ಪೈಥಾನ್ ಇಂದಿನ ಐದೂವರೆ ಗಂಟೆಯನ್ನು ಕೊಡುವುದಿಲ್ಲ. ಕಲ್ಕತ್ತೆಯ ಸ್ಥಳೀಯ ಕಾಲ 5 ಗಂಟೆ 53 ನಿಮಿಷ 28 ಸೆಕೆಂಡು ಅನ್ನುತ್ತದೆ. ಬಾದಾಮಿಯ ಸ್ಥಳೀಯ ಕಾಲ ಸುಮಾರು 5 ಗಂಟೆ 3 ನಿಮಿಷ. ಸೂರ್ಯೋದಯದ ಆಸುಪಾಸಿನಲ್ಲಿ ತಿಥಿ ಮುಗಿಯುವ ದಿನ ಈ ಐವತ್ತು ನಿಮಿಷವೇ ದಿನಾಂಕವನ್ನು ಬದಲಿಸಬಲ್ಲದು. ಮಂಗಳೇಶನ ಶಾಸನದಲ್ಲಿ ಅದೃಷ್ಟಕ್ಕೆ ಆ ಇಕ್ಕಟ್ಟಿಲ್ಲ. ಶಕ 500ರ ಕಾರ್ತಿಕ ಹುಣ್ಣಿಮೆ ನನ್ನ ಲೆಕ್ಕದಲ್ಲಿ 578ರ ಅಕ್ಟೋಬರ್ 31ರ ಸಂಜೆ ಮುಗಿಯುತ್ತದೆ, ಅಂದು ಸೋಮವಾರ.

ಇಷ್ಟೆಲ್ಲ ಕೊಸರಾಟ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ದಿನಾಂಕ ಕೂಡಿಬರಲಿಲ್ಲ ಅನ್ನೋದು ಶಾಸನದ ಮೇಲೆ ಹೊರಿಸುವ ಭಾರಿ ಆರೋಪ. ಗಂಗರ ಹಲವು ತಾಮ್ರಪಟಗಳನ್ನು ಫ್ಲೀಟ್ ಕೂಟ ಎಂದು ಸಾರಿದಾಗ ಲಿಪಿಯ ಜತೆಗೆ ಕಾಲನಿರ್ದೇಶದ ದೋಷವೂ ಸಾಕ್ಷಿಯಾಗಿತ್ತು. ಈಗ ಅಂಥ ತೀರ್ಪನ್ನು ಯಾರು ಬೇಕಾದರೂ ಒಂದು ಗುಂಡಿ ಒತ್ತಿ ಕೊಡಬಹುದು, ಅದು ನೂರು ಕಡೆ ಹಂಚಿಹೋಗುತ್ತದೆ. ಆದ್ದರಿಂದ ಇತಿಹಾಸಾಸಕ್ತ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಶಾಸನದ ದಿನಾಂಕ ಬರೆಯುವಾಗ ಅದರ ಪಕ್ಕದಲ್ಲಿ ಯಾವ ಕ್ಯಾಲೆಂಡರ್ ಅಂತ ಬರೆಯಿರಿ, ದಿನಸಂಖ್ಯೆಯನ್ನೂ ಕೊಡಿ, ಶಾಸನದ ಮೂಲ ಪದಗಳನ್ನು ಹಾಗೇ ಉಳಿಸಿ. ಮುಂದೆ ಯಾರಾದರೂ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಅಷ್ಟಿದ್ದರೆ ಸಾಕು.