ಕಾಂಗ್ರೆಸ್ ಕಸದ ಹಳೆಯ ಜಾಡು

ಯಾದಗಿರಿ, ಶಹಾಪುರ, ಸುರಪುರಗಳ ಹಾದಿಬದಿಯಲ್ಲೂ ತೊಗರಿ ಹೊಲದ ಬದುವಿನಲ್ಲೂ ಬೆಳೆಯುವ ಕಾಂಗ್ರೆಸ್ ಕಸದ, ಅಂದರೆ ಪಾರ್ಥೇನಿಯಂನ, ತವರು ಮೆಕ್ಸಿಕೋ ಕೊಲ್ಲಿಯ ಸುತ್ತಣ ಅಮೆರಿಕ. ಬಿಳಿ ಟೋಪಿಯಂಥ ಹೂವಿನಿಂದ ಈ ಹೆಸರು ಬಂತೆನ್ನುವವರುಂಟು. 1956ರಲ್ಲಿ ಪುಣೆಯಲ್ಲಿ ಗುರುತಿಸಿದ ಮೇಲೆ, ಅಮೆರಿಕದ ಗೋಧಿಯೊಂದಿಗೆ ಬಂತೆಂಬ ಮಾತು ಗಟ್ಟಿಯಾಯಿತು. ಆದರೆ 1880ರಲ್ಲೇ ಸಂಗ್ರಹಿಸಿದ ಒಣ ಮಾದರಿಯೊಂದು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದೆ. ಗೋಧಿ ಬೀಜ ಹರಡಿರಬಹುದು. ಎಲ್ಲ ಹೊಣೆಯನ್ನೂ ಅದರ ತಲೆಗೆ ಕಟ್ಟುವಂತಿಲ್ಲ.

ಎಳೆಯ ಗಿಡ ನೆಲಕ್ಕಂಟಿ ಹರಡುತ್ತದೆ, ಎಲೆ ಗಜ್ಜರಿ ಸೊಪ್ಪಿನಂತೆ ಸೀಳು ಸೀಳು. ಆಗಲೇ ಕೀಳಬೇಕು, ಅದೂ ಬರಿಗೈಯಲ್ಲಲ್ಲ: ಮುಟ್ಟಿದವರಿಗೆ ತುರಿಕೆ, ಪರಾಗದಿಂದ ಉಬ್ಬಸ. ಐದು ಮೂಲೆಯ ಪುಟ್ಟ ಬಿಳಿ ಹೂ ಕಂಡಾಗ ಗುರುತು ಸುಲಭ. ಅಷ್ಟರಲ್ಲಿ ಸಾವಿರಾರು ಬೀಜಕ್ಕೆ ಗಿಡ ಸಿದ್ಧ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದುಂಬಿ ಇದರ ಎಲೆಯನ್ನು ತಿನ್ನುತ್ತದೆ ನಿಜ, ಆದರೆ ಮಳೆಗಾಲ ಮುಗಿದರೆ ಮಣ್ಣು ಸೇರಿ ಮಲಗಿಬಿಡುತ್ತದೆ.