ಮಲೆನಾಡಿನಲ್ಲಿ ನಕ್ಷತ್ರಗಣನೆ

ನಕ್ಷತ್ರವೆಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಆಕಾಶದಲ್ಲಿ ಮಿನುಗುವ ಚುಕ್ಕೆ ಒಂದು. ಪಂಚಾಂಗದ ಐದು ಅಂಗಗಳಲ್ಲಿ ಒಂದಾದ ನಕ್ಷತ್ರ ಇನ್ನೊಂದು. ಈ ಎರಡನೆಯದು ಚುಕ್ಕೆಯಲ್ಲ, ಅಳತೆ. ಚಂದ್ರನು ಸುಮಾರು 27 ದಿನ 8 ಗಂಟೆಗಳಲ್ಲಿ ಆಕಾಶವನ್ನು ಒಂದು ಸಲ ಸುತ್ತಿಬರುವನು. ಆ ದಾರಿಯನ್ನು ಪ್ರಾಚೀನರು 27 ಸಮಭಾಗ ಮಾಡಿ, ಒಂದೊಂದು ಭಾಗಕ್ಕೂ ಅಲ್ಲಿ ಕಾಣುವ ತಾರೆಯ ಹೆಸರಿಟ್ಟರು. ಒಂದು ಭಾಗವು 13 ಅಂಶ 20 ಕಲೆ. ಅದರ ಕಾಲುಭಾಗವೇ ಪಾದ. ಒಂಬತ್ತು ಪಾದಗಳು ಸೇರಿದರೆ ಒಂದು ರಾಶಿ.

ಈ ಗಣನೆಯ ಉಪಯೋಗವೇನೆಂಬುದನ್ನು ನೋಡಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗಿಂತ ತಕ್ಕ ಸೀಮೆ ದೊರೆಯದು. ಮಠದ ಪಂಚಾಂಗವೂ ರೈತನ ಮಳೆಲೆಕ್ಕವೂ ಇಲ್ಲಿ ಒಂದೇ ನೆಲದಲ್ಲಿ ನಡೆದುಬಂದಿವೆ. ಹಿಂದೆ ಕಡೂರು ಜಿಲ್ಲೆಯೆನಿಸಿದ್ದ ಈ ಪ್ರಾಂತದ ಶಾಸನಗಳನ್ನು ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದರು. ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುವುದು ವಾಡಿಕೆ. ಕೆಲವು ನಕ್ಷತ್ರವನ್ನೂ ಹೇಳುವುವು. ತಿಥಿ, ವಾರ, ನಕ್ಷತ್ರ ಮೂರೂ ಒಂದಕ್ಕೊಂದು ಹೊಂದಿದರೆ ಇತಿಹಾಸಕಾರನಿಗೆ ದಿನ ನಿಶ್ಚಯವಾಗುವುದು. ಹೊಂದದಿದ್ದರೆ ಶಾಸನದ ಪ್ರಾಮಾಣ್ಯದಲ್ಲಿ ಸಂಶಯ ಹುಟ್ಟುವುದು. ಫಲವನ್ನು ನಂಬದವನಿಗೂ ನಕ್ಷತ್ರ ಹೀಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಚಿಹ್ನೆಯುಳ್ಳ ಹನ್ನೆರಡು ಕಂಬಗಳಿವೆ. ಆಯಾ ತಿಂಗಳಲ್ಲಿ ಬೆಳಗಿನ ಬಿಸಿಲು ಆಯಾ ರಾಶಿಯ ಕಂಬದ ಮೇಲೆ ಬೀಳುವುದೆಂದು ಪ್ರತೀತಿ. ಆ ಮಾತು ಹೇಗಾದರೂ ಇರಲಿ, ಹದಿನಾಲ್ಕನೆಯ ಶತಮಾನದ ಶಿಲ್ಪಿಗಳು ಸೂರ್ಯನ ದಾರಿಯನ್ನೇ ದೇವಾಲಯದ ಆಧಾರವನ್ನಾಗಿ ಭಾವಿಸಿದ್ದರೆಂಬುದು ಸ್ಪಷ್ಟ.

ದೇವಾಲಯದ ಹೊರಗೆ, ಗದ್ದೆ ತೋಟಗಳಲ್ಲಿಯೂ ಸೂರ್ಯನದೇ ಗಣನೆ. ಜನ್ಮನಕ್ಷತ್ರವು ಚಂದ್ರನಿಂದ ಆಗುವುದು. ಮಳೆಯ ನಕ್ಷತ್ರವು ಸೂರ್ಯನಿಂದ. ಚಂದ್ರನು ಒಂದು ದಿನದಲ್ಲಿ ದಾಟುವ ಭಾಗವನ್ನು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಈ ಅವಧಿಗಳೇ ರೈತನ ಬಾಯಲ್ಲಿ ಮೃಗಶಿರೆ ಮಳೆ, ಆರಿದ್ರೆ ಮಳೆ, ಹುಬ್ಬೆ ಮಳೆಗಳಾಗಿವೆ. ರೋಹಿಣಿ ಮುಗಿಯುವ ಮೊದಲು ತೋಟಕ್ಕೆ ನೀರಿಳಿಯುವ ಕಪ್ಪು ಬಿಡಿಸಬೇಕು. ಮಳೆ ಹಿಡಿಯುವ ಮೊದಲು ಅಡಕೆಯ ಗೊನೆಗೆ ಕೊಳೆರೋಗದ ಔಷಧಿ ಬೀಳಬೇಕು. ಪುನರ್ವಸು, ಪುಷ್ಯಗಳಲ್ಲಿ ನಟ್ಟಿ ಸಾಗಬೇಕು. ಘಟ್ಟದ ಅಂಚಿನ ಶೃಂಗೇರಿಯಿಂದ ಪೂರ್ವಕ್ಕೆ, 1915ರವರೆಗೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರದತ್ತ ಸರಿದಂತೆ ಮಳೆ ಕಡಮೆಯಾಗುವುದು. ಆದುದರಿಂದ ನಕ್ಷತ್ರ ಒಂದೇ ಆದರೂ ಕೆಲಸ ಒಂದೇ ಅಲ್ಲ. ಅನುಭವಿಯಾದ ರೈತನು ನಕ್ಷತ್ರದ ಹೆಸರು ಹೇಳುವಾಗಲೂ ಮೋಡವನ್ನು ನೋಡಿಯೇ ಹೇಳುವನು.

ಹಾಗೆ ನೋಡಬೇಕಾದುದಕ್ಕೆ ಶಾಸ್ತ್ರೀಯ ಕಾರಣವೂ ಉಂಟು. ನಕ್ಷತ್ರದ ವರ್ಷವು ಋತುವಿನ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೀರ್ಘ. ಎಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಇದು ಒಂದು ದಿನವಾಗುವುದು. ದಕ್ಷಿಣಾಯನವು ಹಿಂದೊಮ್ಮೆ ಆಶ್ಲೇಷೆಯ ಮಧ್ಯದಲ್ಲಿ ಆಗುತ್ತಿತ್ತೆಂದೂ ತನ್ನ ಕಾಲಕ್ಕೆ ಕರ್ಕಾಟಕದ ಆದಿಗೆ, ಎಂದರೆ ಪುನರ್ವಸುವಿನ ಕಡೆಯ ಪಾದಕ್ಕೆ, ಬಂದಿದೆಯೆಂದೂ ಆರನೆಯ ಶತಮಾನದ ವರಾಹಮಿಹಿರನು ಹೇಳಿದ್ದಾನೆ. ಇಂದು ಜೂನ್ 21ರ ಸುಮಾರಿಗೆ ಸೂರ್ಯನು ದಕ್ಷಿಣಕ್ಕೆ ತಿರುಗುವಾಗ ಆರಿದ್ರೆಯ ಹೊಸಿಲಲ್ಲಿರುತ್ತಾನೆ. ಹರಿಹರನೂ ಅವನ ಸಹೋದರರೂ 1346ರಲ್ಲಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂಮಿಯನ್ನು ದಾನಮಾಡಿದರಷ್ಟೆ. ಇಂದು ಮೃಗಶಿರೆ ಹುಟ್ಟುವ ಋತುದಿನದಲ್ಲಿ ಆ ಕಾಲದವರಿಗೆ ಮೃಗಶಿರೆ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿತ್ತು. ಮಳೆಯನ್ನು ತರುವುದು ನಕ್ಷತ್ರವೇ ಆಗಿದ್ದರೆ ಮಳೆಯೂ ಅದರೊಡನೆ ಸರಿಯಬೇಕಾಗಿತ್ತು. ಅದು ಹಾಗೆ ಸರಿಯದು. ಗಾಳಿ, ಕಡಲು, ಬಿಸಿಲುಗಳ ಋತುಕ್ರಮವನ್ನೇ ಅನುಸರಿಸುವುದು. ಆದಕಾರಣ ನಕ್ಷತ್ರವು ಮಳೆಯ ಕಾರಣವಲ್ಲ, ಮಳೆಗಾಲದ ಗಡಿಯಾರ. ಅದೂ ಆಗಾಗ ತಿದ್ದಿಕೊಳ್ಳಬೇಕಾದ ಗಡಿಯಾರ.

ಈ ವಿವೇಚನೆ ಬೇಸಾಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮುಹೂರ್ತಶಾಸ್ತ್ರವು ನಕ್ಷತ್ರಗಳನ್ನು ಸ್ಥಿರ, ಚರ, ಕ್ಷಿಪ್ರ, ಮೃದು, ಉಗ್ರ, ತೀಕ್ಷ್ಣ, ಮಿಶ್ರವೆಂದು ವಿಂಗಡಿಸಿದೆ. ಮನೆ ಕಟ್ಟಲು ರೋಹಿಣಿ, ಉತ್ತರೆಗಳಂಥ ಸ್ಥಿರ ನಕ್ಷತ್ರ, ಪ್ರಯಾಣಕ್ಕೆ ಚರ. ಮೂಲೆ, ಆಶ್ಲೇಷೆಗಳು ತೀಕ್ಷ್ಣದ ಪಂಗಡಕ್ಕೆ ಸೇರಿದವು. ಕೆಲಸಕ್ಕೆ ಹೇಳಿದ ಈ ಗುಣವನ್ನು ಮನುಷ್ಯರಿಗೂ ಹಚ್ಚಿದುದರಿಂದ ಅನರ್ಥವಾಯಿತು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗಾಗದು, ಆಶ್ಲೇಷೆಯ ಹೆಣ್ಣು ಅತ್ತೆಗಾಗದು ಎಂಬ ಮಾತಿನಿಂದ ಎಷ್ಟೋ ಮನೆಗಳಲ್ಲಿ ಜಾತಕ ಹಿಂದಕ್ಕೆ ಬಂದಿದೆ. ಹೆಣ್ಣಿನ ನಡತೆ, ವಿದ್ಯೆ, ಆರೋಗ್ಯ ಯಾವುದನ್ನೂ ವಿಚಾರಿಸುವ ಮೊದಲೇ ತೀರ್ಪಾಗಿಹೋಗುತ್ತದೆ.

ಆದರೆ ಸಂಪ್ರದಾಯವೇ ಇನ್ನೊಂದು ಮಾತನ್ನೂ ಹೇಳುತ್ತದೆ. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹನೆ ಮಾಡತಕ್ಕದ್ದು ಮೂಲಾ ನಕ್ಷತ್ರದಲ್ಲಿ, ವಿಸರ್ಜಿಸತಕ್ಕದ್ದು ಶ್ರವಣದಲ್ಲಿ. ಶಾರದೆಯ ಊರಾದ ಶೃಂಗೇರಿಯ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಶ್ಲೇಷೆಯೋ, ನಟ್ಟಿಯಾದ ಗದ್ದೆಗೆ ನೀರು ತುಂಬುವ ಮಳೆಯ ಹೆಸರು. ವಿದ್ಯಾದೇವತೆಯನ್ನು ಬರಮಾಡಿಕೊಳ್ಳುವ ನಕ್ಷತ್ರವು ಮನೆಗೆ ಬರುವ ಸೊಸೆಗೆ ದೋಷವಾಗುವುದೆಂಬುದು ಯಾವ ನ್ಯಾಯ?

ನಕ್ಷತ್ರಗಣನೆಯನ್ನು ತಿರಸ್ಕರಿಸುವವರೂ ಅದಕ್ಕೆ ಅಂಜುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಅದನ್ನು ಫಲವೆಂದು ಎಣಿಸುವರೇ ಹೊರತು ಅಳತೆಯೆಂದು ಎಣಿಸುವುದಿಲ್ಲ. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ, ತಲೆತಲಾಂತರವಾಗಿ ಎಣಿಸಿ, ನಮ್ಮವರು ಕಟ್ಟಿಕೊಟ್ಟ ಅಳತೆಯದು. ಅದನ್ನು ಕಾಲದ ಲೆಕ್ಕಕ್ಕೆ ಬಳಸೋಣ. ಮನುಷ್ಯರ ಬೆಲೆಯನ್ನು ಅದರಿಂದ ಅಳೆಯುವುದು ಬೇಡ.